ಒಂದು ಒದೆ, ಒಂದು ನೌಕರಿ

ಡಿಸೆಂಬರ್ ಬಂತೆಂದರೆ ನಾವಿರುವ ನ್ಯೂಜೆರ್ಸಿ ಕಡೆ ಯಾವುದಾದರೂ ಚಾನೆಲ್‌ನಲ್ಲಿ ಆ ತುಣುಕು ಬಂದೇ ಬರುತ್ತದೆ. 2010ರ ಡಿಸೆಂಬರ್ 19, ಭಾನುವಾರ. ನ್ಯೂಯಾರ್ಕ್ ಜೈಂಟ್ಸ್‌ಗೂ ಫಿಲಡೆಲ್ಫಿಯಾ ಈಗಲ್ಸ್‌ಗೂ ಅಮೆರಿಕನ್ ಫುಟ್‌ಬಾಲ್ ಆಟ. ಸ್ಕೋರು 31–31. ಗಡಿಯಾರದಲ್ಲಿ ಉಳಿದಿದ್ದು 14 ಸೆಕೆಂಡು. ಜೈಂಟ್ಸ್‌ನ ಪಂಟರ್, ಅಂದರೆ ಚೆಂಡನ್ನು ದೂರಕ್ಕೆ ಒದೆಯುವವನು, ಮ್ಯಾಟ್ ಡಾಜ್. ಅವನು ಚೆಂಡು ಒದೆಯಬೇಕು, ಅಷ್ಟೇ. ಕೋಚ್ ಟಾಮ್ ಕಾಫ್ಲಿನ್ ಹೇಳಿ ಕಳಿಸಿದ್ದೂ ಅದನ್ನೇ: ಪಕ್ಕದ ಗೆರೆಯ ಆಚೆಗೆ ಒದೆ, ಈಗಲ್ಸ್‌ನ ಆ ಡಿಶಾನ್ ಜಾಕ್ಸನ್ ಕೈಗೆ ಮಾತ್ರ ಕೊಡಬೇಡ. ಚೆಂಡು ಡಾಜ್ ಕೈಗೆ ಬರುವಾಗಲೇ ಎತ್ತರಕ್ಕೆ ಬಂತು. ಎಗರಿ ಹಿಡಿದ. ಗಡಿಬಿಡಿಯಲ್ಲಿ ಒದ್ದ. ಚೆಂಡು ತಗ್ಗಾಗಿ ಹಾರಿ ಸೀದಾ ಜಾಕ್ಸನ್ ಹತ್ತಿರವೇ ಹೋಯಿತು. ಜಾಕ್ಸನ್ ಮೊದಲು ಅದನ್ನು ಕೈಜಾರಿಸಿದ, ಮತ್ತೆ ಹೆಕ್ಕಿಕೊಂಡ, ಆಮೇಲೆ 65 ಯಾರ್ಡ್ ಓಡಿದ. ಕೊನೆಗೆ ಗೋಲ್ ಗೆರೆಯ ಹತ್ತಿರ ಹೋಗಿ ಒಳಗೆ ಕಾಲಿಡದೆ, ಗಡಿಯಾರ ಸೊನ್ನೆಗೆ ಬರಲಿ ಅಂತ ಗೆರೆಯ ಪಕ್ಕದಲ್ಲೇ ಅಡ್ಡಡ್ಡ ಓಡಿದ! 38–31. ಕಾಫ್ಲಿನ್ ಮೈದಾನಕ್ಕೇ ನುಗ್ಗಿ ಡಾಜ್ ಎದುರು ನಿಂತು ಕೂಗಾಡಿದರು. ತುಣುಕಿನಲ್ಲಿ ಅದೂ ಇದೆ. ಎನ್‌ಎಫ್‌ಎಲ್ ಅನ್ನುವ ಈ ವೃತ್ತಿಪರ ಲೀಗಿನಲ್ಲಿ ಅದು ಡಾಜ್‌ನ ಮೊದಲ ವರ್ಷ. ಆಮೇಲೆ ಅವನಿಗೆ ಸಿಕ್ಕಿದ್ದು ಆ ಸೀಸನ್ನಿನಲ್ಲಿ ಉಳಿದಿದ್ದ ಎರಡೇ ಆಟ. ಮುಂದಿನ ವರ್ಷ ತಂಡ ಅವನನ್ನು ಕೈಬಿಟ್ಟಿತು. ಅವನು ಮತ್ತೆ ಯಾವ ತಂಡಕ್ಕೂ ಒದೆಯಲಿಲ್ಲ.

ಅಷ್ಟೇ ಆಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದೇ ಜೈಂಟ್ಸ್ ತಂಡದಲ್ಲಿ, ಇದೇ ಕೆಲಸದಲ್ಲಿ, ಅದೂ ತನ್ನ ಮೊದಲ ಎನ್‌ಎಫ್‌ಎಲ್ ವರ್ಷದಲ್ಲೇ, ಶಾನ್ ಲ್ಯಾಂಡೆಟಾ ಅನ್ನುವವನು ಇದಕ್ಕಿಂತ ನಗೆಪಾಟಲಾಗುವ ಒದೆ ಒದ್ದಿದ್ದ. 1986ರ ಜನವರಿಯಲ್ಲಿ, ಪ್ಲೇಆಫ್ ಪಂದ್ಯದಲ್ಲಿ, ಚೆಂಡು ಅವನ ಕಾಲಿಗೆ ಸರಿಯಾಗಿ ತಾಗಲೇ ಇಲ್ಲ. ಆದರೂ ಅವನು ಅದಾದ ಮೇಲೆ ಇನ್ನೂ ಇಪ್ಪತ್ತು ಸೀಸನ್ ಆಡಿದ. ಒಬ್ಬನಿಗೆ ಇಪ್ಪತ್ತು ವರ್ಷ, ಇನ್ನೊಬ್ಬನಿಗೆ ಎರಡು ಆಟ. ಯಾಕೆ ಹೀಗೆ? ಡಿಸೆಂಬರಿನಲ್ಲಿ ಆ ತುಣುಕು ಬಂದಾಗಲೆಲ್ಲ ನನ್ನ ತಲೆಯಲ್ಲಿ ಇದೇ ಸುತ್ತುತ್ತದೆ.

ಪಕ್ಕದ ಮನೆಯ ಬೇಸ್‌ಮೆಂಟಿನಲ್ಲಿ

ಆ ಆಟವನ್ನು ನಾನು ನೋಡಿದ್ದು ಪಕ್ಕದ ಮನೆಯ ಯಜಮಾನರ ಬೇಸ್‌ಮೆಂಟಿನಲ್ಲಿ. ನಿವೃತ್ತ ಮೇಷ್ಟ್ರು. ಎಪ್ಪತ್ತರ ದಶಕದಿಂದ ಜೈಂಟ್ಸ್ ಭಕ್ತರು. ಗೋಡೆಯ ತುಂಬ ನೀಲಿ. ನಾವು ಹೊಸದಾಗಿ ಬಂದಾಗ ನನಗೆ ಈ ಆಟದ ಅ ಆ ಇ ಈ ಕಲಿಸಿದವರೇ ಅವರು. ಅವತ್ತು ಎಂಟು ನಿಮಿಷ ಉಳಿದಿರುವಾಗ ಜೈಂಟ್ಸ್ 31–10ರಿಂದ ಮುಂದಿತ್ತು. ಅವರ ಹೆಂಡತಿ ಆಗಲೇ ತಟ್ಟೆ ಲೋಟ ಎತ್ತಲು ಶುರು ಮಾಡಿದ್ದರು. ಆಮೇಲೆ ಈಗಲ್ಸ್‌ನ ಮೈಕಲ್ ವಿಕ್ ಒಂದೊಂದೇ ಟಚ್‌ಡೌನ್ (ಚೆಂಡನ್ನು ಗೋಲ್ ಗೆರೆ ದಾಟಿಸಿ ಅಂಕ ಪಡೆಯುವುದು) ಮಾಡಿಸುತ್ತಾ ಬಂದ. ಕೋಣೆಯಲ್ಲಿ ಮಾತು ಕಡಿಮೆಯಾಗುತ್ತಾ ಹೋಯಿತು. ಡಾಜ್ ಒದೆಯಲು ಬಂದಾಗ ಯಜಮಾನರು ಎದ್ದು ನಿಂತರು. ಸೆಪ್ಟೆಂಬರಿನಿಂದಲೂ ಈ ಹುಡುಗನ ಮೇಲೆ ಅವರಿಗೆ ಗೊಣಗಾಟ ಇದ್ದೇ ಇತ್ತು. "ಕಾಲಿದೆ, ಸ್ಟಿಯರಿಂಗ್ ಇಲ್ಲ" ಅನ್ನೋರು.

ಜಾಕ್ಸನ್ ಅಡ್ಡಡ್ಡ ಓಡಿ ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಸುಮ್ನೆ ಏನಾದರೂ ಹೇಳಬೇಕಲ್ಲ ಅಂತ, ಇದಕ್ಕಿಂತ ಕೆಟ್ಟದಾಗಿ ಯಾರೂ ಒದ್ದಿರಲಿಕ್ಕಿಲ್ಲ ಅಲ್ವಾ ಅಂದೆ. ಅವರು ಟೀವಿ ಆಫ್ ಮಾಡದೆ, ಧ್ವನಿ ಮಾತ್ರ ಕಡಿಮೆ ಮಾಡಿ ಹೇಳಿದರು: "ನೀವು ಲ್ಯಾಂಡೆಟಾನ ನೋಡಿಲ್ಲ. ಷಿಕಾಗೋದಲ್ಲಿ. ಅವನು ಗಾಳಿಗೆ ಒದ್ದ." ಮೈದಾನದಲ್ಲಿ ಕಾಫ್ಲಿನ್ ಇನ್ನೂ ಕೂಗಾಡುತ್ತಿದ್ದಾಗ ಇವರು ನನಗೆ ಇಪ್ಪತ್ತೈದು ವರ್ಷ ಹಿಂದಿನ ಇನ್ನೊಂದು ಒದೆಯನ್ನು ಕೈ ಕಾಲು ಆಡಿಸಿ ತೋರಿಸಿದರು. ಸೋಫಾ ಪಕ್ಕ ನಿಂತು, ಇಲ್ಲದ ಚೆಂಡನ್ನು ಕೈಬಿಟ್ಟು, ಕಾಲು ಬೀಸಿ.

ಎಲ್ಲರೂ ಕೈಚೆಲ್ಲಿದ ಮೇಲೆ

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಹತ್ತು ಯಾರ್ಡ್ ಮುಂದೆ ಹೋಗಲು ತಂಡಕ್ಕೆ ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದರೆ, ನಾಲ್ಕನೆಯದರಲ್ಲೂ ಸೋತು ಇದ್ದಲ್ಲೇ ಚೆಂಡು ಒಪ್ಪಿಸುವ ಬದಲು, ದೂರಕ್ಕೆ ಒದ್ದು ಎದುರಾಳಿಯನ್ನು ಹಿಂದೆ ತಳ್ಳುತ್ತಾರೆ. ಅದಕ್ಕಾಗಿಯೇ 53 ಜನರ ತಂಡದಲ್ಲಿ ಒಬ್ಬನನ್ನು ಇಟ್ಟುಕೊಂಡಿರುತ್ತಾರೆ. ಅವನೇ ಪಂಟರ್. ಅವನು ಮೈದಾನಕ್ಕೆ ಬಂದ ಅಂದರೆ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಸೋತು ಹೊರಗೆ ಹೋಗುತ್ತಿದ್ದಾನೆ ಅಂತ. ತವರಿನ ಜನ ಗೊಣಗುತ್ತಾ ಬಿಯರ್ ತರಲು ಏಳುವ ಹೊತ್ತು ಅದು. ಒಂದು ಆಟದಲ್ಲಿ ನಾಲ್ಕೈದು ಸಲ ಬರುತ್ತಾನೆ. ಪ್ರತಿ ಸಲ ಅವನ ಕೈಯಲ್ಲಿ ಚೆಂಡು ಇರುವುದು ಒಂದೂಕಾಲು ಸೆಕೆಂಡು.

ಲೆಕ್ಕ ಹೀಗೆ. ಚೆಂಡು ಹಿಂದಕ್ಕೆ ಎಸೆಯುವ ಲಾಂಗ್ ಸ್ನ್ಯಾಪರ್‌ನಿಂದ ಪಂಟರ್ ನಿಂತಿರುವುದು ಸುಮಾರು 15 ಯಾರ್ಡ್ ಹಿಂದೆ. ಚೆಂಡು ಅಷ್ಟು ದೂರ ಬರಲು ಮುಕ್ಕಾಲು ಸೆಕೆಂಡು. ಎರಡು ಸೆಕೆಂಡು ಆಗುವಷ್ಟರಲ್ಲಿ ಅದು ಕಾಲಿನಿಂದ ಹೊರಟುಬಿಡಬೇಕು. ಇನ್ನೂ ಸ್ವಲ್ಪ ತಡವಾದರೆ ಎದುರಿನವನ ಕೈ ಅಡ್ಡ ಬರುತ್ತದೆ. ಒದ್ದ ಮೇಲೆ ಚೆಂಡು ಎಷ್ಟು ದೂರ ಹೋಯಿತು ಅನ್ನುವಷ್ಟೇ ಮುಖ್ಯ ಎಷ್ಟು ಹೊತ್ತು ಗಾಳಿಯಲ್ಲಿತ್ತು ಅನ್ನೋದು. ಎನ್‌ಎಫ್‌ಎಲ್ ನಿಯಮದಲ್ಲಿ ಚೆಂಡು ಒದೆಯುವ ಮೊದಲೇ ಓಡಲು ಬಿಡುವುದು ಎರಡು ಅಂಚಿನಲ್ಲಿರುವ ಇಬ್ಬರನ್ನು ಮಾತ್ರ. ಉಳಿದವರೆಲ್ಲ ಒದೆಯಾಗುವವರೆಗೆ ತಡೆದು ನಿಂತು ಆಮೇಲೆ ಓಡಬೇಕು. ಚುರುಕಾದವನೊಬ್ಬ 40 ಯಾರ್ಡ್ ಓಡಲು ನಾಲ್ಕೂವರೆ ಸೆಕೆಂಡು ಬೇಕು. ಹಾಗಾಗಿ ಚೆಂಡೂ ಮೇಲೆ ಅಷ್ಟು ಹೊತ್ತು ಇದ್ದರೆ, ಅದನ್ನು ಹಿಡಿಯುವವನ ಮುಂದೆ ಇವರೂ ಬಂದು ನಿಂತಿರುತ್ತಾರೆ. ಡಾಜ್‌ನ ಆ ಒದೆಯಲ್ಲಿ ಇಲ್ಲದ್ದು ಇದೇ. ಚೆಂಡು ಬೇಗ ಹೋಯಿತು, ಜನ ಹೋಗಲಿಲ್ಲ.

ಕೈಬಿಡುವ ಕೆಲಸ

ಲ್ಯಾಂಡೆಟಾ ಕಥೆ ನನಗೆ ನಿಜವಾಗಿ ಅರ್ಥವಾಗಿದ್ದು ನಮ್ಮ ಕನ್ನಡ ಕೂಟದ ಗೆಳೆಯರ ಮಗನಿಂದ. ಸಣ್ಣವನಿದ್ದಾಗ ಸಾಕರ್ ಆಡುತ್ತಿದ್ದ. ಹೈಸ್ಕೂಲಿಗೆ ಬಂದ ಮೇಲೆ, ಕಾಲು ಚೆನ್ನಾಗಿದೆ ಅಂತ ಫುಟ್‌ಬಾಲ್ ಕೋಚ್ ಕಣ್ಣಿಗೆ ಬಿದ್ದ. ಇಲ್ಲಿ ಎಷ್ಟೋ ಒದೆಗಾರರು ಸಾಕರ್‌ನಿಂದಲೇ ಬರುತ್ತಾರೆ. ಅವರಮ್ಮ ಮೊದಲು ಹೆದರಿದ್ದರು. ಯಾರೂ ಮೈಮೇಲೆ ಬೀಳಲ್ಲ, ಪಂಟರ್‌ಗೆ ಗುದ್ದಿದರೆ 15 ಯಾರ್ಡ್ ದಂಡ ಇದೆ ಅಂತ ಹೇಳಿ ಹೇಳಿ ಒಪ್ಪಿಸಿದ್ದ. ಬೇಸಿಗೆಯ ಒಂದು ಸಂಜೆ ಅವರ ಕಾರು ಕೆಟ್ಟಿತ್ತು. ಅವನನ್ನೂ ಅವರಮ್ಮನನ್ನೂ ನಾನೇ ಮೈದಾನಕ್ಕೆ ಕರೆದುಕೊಂಡು ಹೋದೆ.

ಹುಡುಗ ಚೀಲದಿಂದ ಚೆಂಡು ತೆಗೆದ. ಮೈದಾನದ ಬಿಳಿ ಗೆರೆಯ ಮೇಲೆ ನಿಂತ. ಹೊಲಿಗೆ ಮೇಲೆ ಬರುವ ಹಾಗೆ ಚೆಂಡನ್ನು ಬಲಗೈಯಲ್ಲಿ ಹಿಡಿದು, ತೋಳು ಮುಂದೆ ಚಾಚಿ, ಸೊಂಟದ ಎತ್ತರದಿಂದ ಕೈಬಿಟ್ಟ. ಒದೆಯಲಿಲ್ಲ. ಚೆಂಡು ಗೆರೆ ಮೇಲೆ ಬಿದ್ದು ಪುಟಿದು ಎಡಕ್ಕೆ ಹೋಯಿತು. ತಂದ. ಮತ್ತೆ ಬಿಟ್ಟ. ಈ ಸಲ ಮೂತಿ ಮೊದಲು ನೆಲಕ್ಕೆ ತಾಗಿ ಅವನ ಕಡೆಗೇ ಉರುಳಿ ಬಂತು. ಮತ್ತೆ ಬಿಟ್ಟ. ಬೆರಳುಗಳನ್ನು ಒಂದೇ ಸಲಕ್ಕೆ ಬಿಡಬೇಕಂತೆ. ಹೆಬ್ಬೆರಳು ಕೂದಲೆಳೆಯಷ್ಟು ತಡವಾದರೂ ಚೆಂಡು ತಿರುಗುತ್ತದೆ. ಮೂತಿ ಸ್ವಲ್ಪ ಒಳಕ್ಕೆ, ಸ್ವಲ್ಪವೇ ಕೆಳಕ್ಕೆ ಇರಬೇಕು. ಹಾಗೆ ಬಿದ್ದರೆ ಮಾತ್ರ ಪಾದದ ಗಟ್ಟಿ ಮೂಳೆಗೆ ಚೆಂಡಿನ ಹೊಟ್ಟೆ ಸರಿಯಾಗಿ ತಾಗಿ ಸುತ್ತುತ್ತಾ ಮೇಲೇರುತ್ತದೆ. ಅರ್ಧ ಗಂಟೆಗೂ ಜಾಸ್ತಿ ಹೊತ್ತು ಅವನು ಒಂದೂ ಒದೆಯಲಿಲ್ಲ. ಬೀಳಿಸಿದ, ಹೆಕ್ಕಿದ, ಬೀಳಿಸಿದ. ಅವರಮ್ಮ ಮಡಚುವ ಕುರ್ಚಿಯಲ್ಲಿ ಕೂತು, "ಕೈಯಲ್ಲಿರೋದನ್ನ ಕೆಳಗೆ ಹಾಕೋದು ಇವನಿಗೆ ಹುಟ್ಟಿದಾಗಿಂದ ಬರುತ್ತೆ ಕಣ್ರೀ, ಅದಕ್ಕೆ ಪ್ರಾಕ್ಟೀಸ್ ಬೇರೆ" ಅಂದರು. ನಾನು ಅವನನ್ನು ಕೇಳಿದೆ, ಯಾಕಪ್ಪಾ, ಒದೆಯೋದು ಯಾವಾಗ? "ಅಂಕಲ್, ಕಾಲು ಪ್ರತಿ ಸಲ ಅದೇ ಜಾಗಕ್ಕೆ ಬರುತ್ತೆ. ಚೆಂಡು ಬರಲ್ಲ" ಅಂದ.

ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ 1986ರ ಜನವರಿ 5ರಂದು ಆಗಿದ್ದು ಇಷ್ಟೇ. ಮೂಳೆ ಕೊರೆಯುವ ಚಳಿ, ಮೇಲೆ ಬೀಸುವ ಗಾಳಿ. ಜೈಂಟ್ಸ್ ತಮ್ಮದೇ ಗೋಲ್ ಗೆರೆಯ ಹತ್ತಿರ ಸಿಕ್ಕಿಕೊಂಡಿತ್ತು. ಲ್ಯಾಂಡೆಟಾ ಚೆಂಡು ಹಿಡಿದ, ಹೆಜ್ಜೆ ಹಾಕಿದ, ಕೈಬಿಟ್ಟ. ಕೈಗೂ ಕಾಲಿಗೂ ನಡುವಿನ ಆ ಒಂದು ಮೊಳದಲ್ಲಿ ಗಾಳಿ ಚೆಂಡನ್ನು ಪಕ್ಕಕ್ಕೆ ಸರಿಸಿಬಿಟ್ಟಿತು. ಕಾಲು ಬಂದಾಗ ಚೆಂಡು ಅಲ್ಲಿರಲಿಲ್ಲ. ಕಾಲ ಅಂಚಿಗೆ ಸವರಿದ ಹಾಗೆ ತಾಗಿ ಪಕ್ಕದಲ್ಲೇ ಬಿತ್ತು. ಎದುರಾಳಿ ಷಿಕಾಗೋ ಬೇರ್ಸ್‌ನ ಶಾನ್ ಗೇಲ್ ಎತ್ತಿಕೊಂಡು ಐದು ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಆಟ 21–0. ಮಾರನೇ ದಿನ ಲ್ಯಾಂಡೆಟಾಗೆ 24 ತುಂಬಿತು. ಹುಟ್ಟುಹಬ್ಬದ ದಿನ ದೇಶವೆಲ್ಲ ನಗುತ್ತಿತ್ತು.

ಕಡಿಮೆ ದೂರ ಒದ್ದವನು

ಲ್ಯಾಂಡೆಟಾ, ಡಾಜ್ ಇಬ್ಬರ ನಡುವೆ ಜೈಂಟ್ಸ್‌ಗೆ ಹಲವರು ಒದ್ದರು. ಅವರಲ್ಲಿ ಜೆಫ್ ಫೀಗಲ್ಸ್ ಬಗ್ಗೆ ಬರೆಯದೆ ಈ ಕಥೆ ನಿಲ್ಲುವುದಿಲ್ಲ. ಡಾಜ್ ಬಂದು ಕೂತಿದ್ದು ಅವನ ಜಾಗದಲ್ಲಿ. ಫೀಗಲ್ಸ್ 1988ರಿಂದ 2009ರವರೆಗೆ 22 ಸೀಸನ್ ಆಡಿದ. ಐದು ತಂಡ: ಪೇಟ್ರಿಯಟ್ಸ್, ಈಗಲ್ಸ್, ಕಾರ್ಡಿನಲ್ಸ್, ಸೀಹಾಕ್ಸ್, ಕೊನೆಗೆ ಜೈಂಟ್ಸ್. ಒಂದೂ ಆಟ ತಪ್ಪಿಸದೆ ಸತತ 352 ಆಟ. ಒಟ್ಟು 1,713 ಪಂಟ್. ಎನ್‌ಎಫ್‌ಎಲ್ ಇತಿಹಾಸದಲ್ಲಿ ಇಷ್ಟು ಸಲ ಯಾರೂ ಒದ್ದಿಲ್ಲ. ಅವನ ಕೊನೆಯ ಕೆಲವು ಸೀಸನ್ನುಗಳನ್ನು ನಾನೂ ಅದೇ ಬೇಸ್‌ಮೆಂಟಿನಲ್ಲಿ ಕೂತು ನೋಡಿದ್ದೇನೆ. ಆದರೆ ಅವನ ಒಂದು ಒದೆಯನ್ನಾದರೂ ನೆನಪು ಮಾಡಿಕೊಳ್ಳಿ ಅಂದರೆ ಆಗೋದಿಲ್ಲ. ನೆನಪಿರುವುದು ಅವನ ಜೆರ್ಸಿ ನಂಬರ್ ವ್ಯಾಪಾರ. 2004ರಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್ ಇಲೈ ಮ್ಯಾನಿಂಗ್ ಬಂದಾಗ ಫೀಗಲ್ಸ್ ತನ್ನ 10ನೇ ನಂಬರನ್ನು ಅವನಿಗೆ ಕೊಟ್ಟು, ಬದಲಿಗೆ ತನ್ನ ಸಂಸಾರಕ್ಕೆ ಫ್ಲಾರಿಡಾ ಪ್ರವಾಸ ಗಿಟ್ಟಿಸಿಕೊಂಡ. ಮರುವರ್ಷ ಪ್ಲಾಕ್ಸಿಕೋ ಬರೆಸ್ ಬಂದಾಗ 17ನ್ನೂ ಬಿಟ್ಟುಕೊಟ್ಟ. ಅದಕ್ಕೆ ಮಾತಾದದ್ದು ಮನೆಯ ಹಿತ್ತಲಿಗೆ ಹೊಸ ಅಡುಗೆಮನೆ. ಆಮೇಲೆ 18 ತೊಟ್ಟ. ಪಂಟರ್ ಯಾವ ನಂಬರ್ ತೊಟ್ಟರೂ ಅಭಿಮಾನಿಗಳು ಆ ಜೆರ್ಸಿ ಕೊಳ್ಳುವುದಿಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು!

ಫೀಗಲ್ಸ್‌ದು ಭಾರಿ ಕಾಲೇನಲ್ಲ. ವೃತ್ತಿಯ ಸರಾಸರಿ 41.6 ಯಾರ್ಡ್. ಶೇನ್ ಲೆಕ್ಲರ್ ಅನ್ನುವ ರೇಡರ್ಸ್, ಟೆಕ್ಸನ್ಸ್ ಪಂಟರ್‌ದು 47.6. ಒಂದೊಂದು ಒದೆಗೂ ಆರು ಯಾರ್ಡ್ ವ್ಯತ್ಯಾಸ ಅಂದರೆ ಸಣ್ಣದಲ್ಲ. ಒಂದೇ ಸೀಸನ್ ಆಡಿದ ಡಾಜ್‌ನ ಸರಾಸರಿ ಕೂಡ ಫೀಗಲ್ಸ್‌ಗಿಂತ ಜಾಸ್ತಿಯೇ ಇತ್ತು. ಹಾಗಾದರೆ ಫೀಗಲ್ಸ್‌ನನ್ನು 43 ದಾಟುವವರೆಗೆ ತಂಡಗಳು ಯಾಕೆ ಇಟ್ಟುಕೊಂಡವು? ಅವನು ಚೆಂಡನ್ನು ಹಿಡಿಯುವವನಿಗೆ ಕೊಡುತ್ತಿರಲಿಲ್ಲ, ಅದಕ್ಕೆ. ಮೈದಾನದ ಮೂಲೆಗೆ, ಗೋಲ್ ಗೆರೆಗೆ ಇನ್ನೇನು ಐದು ಹತ್ತು ಯಾರ್ಡ್ ಇದೆ ಅನ್ನುವಲ್ಲಿ ಪಕ್ಕದ ಗೆರೆ ದಾಟಿಸಿಬಿಡುತ್ತಿದ್ದ. ಹಿಡಿಯೋದಕ್ಕೆ ಚೆಂಡೇ ಇಲ್ಲದ ಮೇಲೆ ಓಡುವವನು ಎಲ್ಲಿಗೆ ಓಡುತ್ತಾನೆ? ಅದೂ ಹಳೆಯ ಜೈಂಟ್ಸ್ ಸ್ಟೇಡಿಯಂನಲ್ಲಿ. ಅಲ್ಲಿ ಗಾಳಿ ಒಳಗೇ ಸುತ್ತುತ್ತಿತ್ತು. ಒಂದು ತುದಿಯಲ್ಲಿ ಬಾವುಟ ಈ ಕಡೆ, ಇನ್ನೊಂದು ತುದಿಯಲ್ಲಿ ಆ ಕಡೆ.

ಇಲ್ಲಿ ಅಂಕಿಯ ಒಂದು ತಮಾಷೆ ಇದೆ. ಮೈದಾನದ ನಡುವಿನಿಂದ ಒಬ್ಬ 50 ಯಾರ್ಡ್ ಒದ್ದು ಚೆಂಡನ್ನು ಗೋಲ್ ಗೆರೆಯ ಆಚೆಗಿನ ಎಂಡ್ ಝೋನ್ ಒಳಗೆ ಹಾಕಿದ ಅನ್ನಿ. ನಿಯಮದ ಪ್ರಕಾರ ಎದುರಾಳಿ 20 ಯಾರ್ಡ್ ಗೆರೆಯಿಂದ ಶುರು ಮಾಡುತ್ತಾನೆ. ನಿಜವಾಗಿ ತಂಡಕ್ಕೆ ಸಿಕ್ಕಿದ್ದು 30. ಇನ್ನೊಬ್ಬ ಅದೇ ಜಾಗದಿಂದ 44 ಯಾರ್ಡ್ ಒದ್ದು ಆರನೇ ಗೆರೆಯಲ್ಲಿ ನಿಲ್ಲಿಸಿದ. ತಂಡಕ್ಕೆ ಸಿಕ್ಕಿದ್ದು 44. ಆದರೆ ಸರಾಸರಿಯ ಲೆಕ್ಕದಲ್ಲಿ ಮೊದಲನೆಯವನಿಗೆ 50, ಎರಡನೆಯವನಿಗೆ 44. ಅಂದರೆ ಈ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಎಲ್ಲರೂ ನೋಡುವ ಆ ಅಂಕಿ ಇಳಿಯುವ ಸಾಧ್ಯತೆ ಇದೆ. ಇದನ್ನು ಸರಿಮಾಡಲು ನೆಟ್ ಸರಾಸರಿ, 20ರ ಒಳಗೆ ನಿಂತ ಒದೆಗಳು ಅಂತ ಬೇರೆ ಲೆಕ್ಕಗಳೂ ಇವೆ. ಆದರೆ ಟೀವಿಯಲ್ಲಿ ಪಂಟರ್ ಮುಖದ ಕೆಳಗೆ ಮೊದಲು ಬರೋದು ಈಗಲೂ ಆ ಹಳೇ ಸರಾಸರಿಯೇ.

ಫೀಗಲ್ಸ್‌ಗೆ ಸೂಪರ್ ಬೌಲ್ (ಎನ್‌ಎಫ್‌ಎಲ್‌ನ ಫೈನಲ್) ಗೆಲುವು ಸಿಕ್ಕಿದ್ದು ಇಪ್ಪತ್ತನೇ ಸೀಸನ್ನಿನಲ್ಲಿ, 41ನೇ ವಯಸ್ಸಿಗೆ. 2008ರ ಫೆಬ್ರುವರಿ 3, ಅರಿಜೋನಾದಲ್ಲಿ. ಅಲ್ಲಿಯವರೆಗೆ ಒಂದೂ ಸೋಲದ ಪೇಟ್ರಿಯಟ್ಸ್ ಮೇಲೆ 17–14. ಅವನಿಗೆ ಮೊದಲ ನೌಕರಿ ಕೊಟ್ಟು, ಎರಡು ವರ್ಷಕ್ಕೆ ಕಳಿಸಿದ ತಂಡವೂ ಅದೇ. 2010ರ ಬೇಸಿಗೆಗೆ ಮೊದಲು ಸಾಕು ಅಂದ. ಜೈಂಟ್ಸ್ ಹಳೇ ಸ್ಟೇಡಿಯಂ ಕೆಡವಿ ಪಕ್ಕದಲ್ಲೇ ಹೊಸದಕ್ಕೆ ಹೋಗಿದ್ದೂ ಆ ವರ್ಷವೇ.

ಹಿಂದಿನ ಉಳಿತಾಯ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲ್ಯಾಂಡೆಟಾ ಯಾಕೆ ಉಳಿದ, ಡಾಜ್ ಯಾಕೆ ಹೋದ? ಒಂದು ಸುಲಭದ ಉತ್ತರ ಇದೆ: ಲ್ಯಾಂಡೆಟಾದು ಗಾಳಿಯ ಕಾಟ, ಡಾಜ್‌ದು ಹೇಳಿದ ಮಾತು ಮೀರಿದ ತಪ್ಪು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಡಾಜ್‌ಗೆ ಬಂದ ಸ್ನ್ಯಾಪ್ ತಲೆಯೆತ್ತರ ಇತ್ತು. ಎಗರಿ ಹಿಡಿದು ಇಳಿಯುವಷ್ಟರಲ್ಲಿ ಅವನ ಅರ್ಧ ಸಮಯ ಹೋಗಿತ್ತು. ಅಂಥ ಹೊತ್ತಲ್ಲಿ ಚೆಂಡನ್ನು ಅಳೆದು ಮೂಲೆಗೆ ಹಾಕುವುದಕ್ಕಿಂತ, ಅಡ್ಡ ಕೈ ಬೀಳದೆ ಒದೆದುಬಿಡುವುದೇ ದೊಡ್ಡದು. ಇನ್ನು, ಎಂಟು ನಿಮಿಷದಲ್ಲಿ 21 ಅಂಕ ಬಿಟ್ಟುಕೊಟ್ಟ ಹನ್ನೊಂದು ಜನ ಡಿಫೆನ್ಸಿನವರನ್ನು ಯಾರೂ ಮೈದಾನದ ಮಧ್ಯೆ ನಿಲ್ಲಿಸಿ ಬೈದ ತುಣುಕಿಲ್ಲ. ಆ ಸೀಸನ್ನಿನಲ್ಲಿ ಜೈಂಟ್ಸ್ 10–6ರಲ್ಲಿ ಮುಗಿಸಿಯೂ ಪ್ಲೇಆಫ್‌ಗೆ ಹೋಗಲಿಲ್ಲ. ಅದರ ಭಾರವೆಲ್ಲ ಒಂದು ಒದೆಯ ಮೇಲೆ ಬಿತ್ತು.

ನನಗೆ ಅನ್ನಿಸೋದು ಬೇರೆ. ಲ್ಯಾಂಡೆಟಾ ಜೈಂಟ್ಸ್‌ಗೆ ಹೊಸಬ, ಆದರೆ ಕೆಲಸಕ್ಕೆ ಹೊಸಬನಲ್ಲ. ಎನ್‌ಎಫ್‌ಎಲ್‌ಗೆ ಪೈಪೋಟಿಯಾಗಿ ಆಗ ಯುಎಸ್‌ಎಫ್‌ಎಲ್ ಅಂತ ಇನ್ನೊಂದು ಲೀಗ್ ಇತ್ತು. ಅದರಲ್ಲಿ ಸ್ಟಾರ್ಸ್ ತಂಡಕ್ಕೆ ಅವನು ಮೂರು ಸೀಸನ್ ಒದ್ದು, ಎರಡು ಸಲ ಚಾಂಪಿಯನ್ ಆಗಿ ಬಂದಿದ್ದ. ಕೋಚ್ ಬಿಲ್ ಪಾರ್ಸೆಲ್ಸ್ ಎದುರು ಇದ್ದದ್ದು ಒಂದು ಗಾಳಿಯೊದೆ ಮಾತ್ರ ಅಲ್ಲ, ಅದರ ಹಿಂದಿನ ನೂರಾರು ಒಳ್ಳೆಯ ಒದೆಗಳ ಉಳಿತಾಯವೂ ಇತ್ತು. ಮುಂದಿನ ಸೀಸನ್ನಿನಲ್ಲೇ ಜೈಂಟ್ಸ್ ಸೂಪರ್ ಬೌಲ್ ಗೆದ್ದಿತು, ಲ್ಯಾಂಡೆಟಾನೇ ಪಂಟರ್. 1990ರ ಸೀಸನ್ನಿನಲ್ಲಿ ಮತ್ತೊಮ್ಮೆ. ಎಂಬತ್ತರ ದಶಕ, ತೊಂಬತ್ತರ ದಶಕ ಎರಡರ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲೂ ಅವನ ಹೆಸರಿದೆ. ಕೊನೆಯ ಸಲ ಒದ್ದಾಗ 43 ವರ್ಷ. ಡಾಜ್ ಹತ್ತಿರ ಆ ಉಳಿತಾಯ ಇರಲಿಲ್ಲ. ಅವನ ಹಿಂದೆ ಇದ್ದದ್ದು ಫೀಗಲ್ಸ್‌ನ 22 ವರ್ಷ, ಅದೂ ಅವನ ವಿರುದ್ಧ. ಏಳು ವರ್ಷ ಮೂಲೆಗೆ ಬೀಳುವ ಚೆಂಡನ್ನೇ ನೋಡಿ ಅಭ್ಯಾಸವಾದ ತಂಡಕ್ಕೆ, ಅದು ಎಲ್ಲರಿಗೂ ಬರುವ ವಿದ್ಯೆ ಅನ್ನಿಸಿಬಿಟ್ಟಿತ್ತು.

ಇನ್ನೊಂದು ವಿಷಯ. ಲ್ಯಾಂಡೆಟಾನನ್ನಾಗಲಿ ಫೀಗಲ್ಸ್‌ನನ್ನಾಗಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, ಯಾರೂ ಆರಿಸಿರಲಿಲ್ಲ. ಡಾಜ್‌ನನ್ನು ಮಾತ್ರ ಜೈಂಟ್ಸ್ ಏಳನೇ ಸುತ್ತಿನಲ್ಲಿ ಹೆಸರು ಹಿಡಿದು ಕರೆದಿತ್ತು. ಆ ವರ್ಷ ಹೊಸಬರ ಕನಿಷ್ಠ ಸಂಬಳವೇ ಮೂರು ಲಕ್ಷ ಡಾಲರ್ ದಾಟಿತ್ತು. ಒಂದೇ ವರ್ಷಕ್ಕೆ ದೊಡ್ಡ ಮೊತ್ತವೇ. ಆದರೆ 23–24ನೇ ವಯಸ್ಸಿಗೆ ನಿವೃತ್ತಿ ಅಂದರೆ ಅದರಲ್ಲಿ ಎಷ್ಟು ವರ್ಷ ಜೀವನ ಮಾಡೋದು? ದೇಶದಲ್ಲಿ ಈ ನೌಕರಿ ಇರುವುದು ಬರೀ 32. ಒಬ್ಬ ಕೂತರೆ ಹತ್ತು ಹದಿನೈದು ವರ್ಷ ಏಳುವುದಿಲ್ಲ. ಸೀಸನ್ ನಡೆಯುವಾಗ ಮಂಗಳವಾರ ಮಂಗಳವಾರ ತಂಡಗಳು ಕೆಲಸ ಇಲ್ಲದ ಒದೆಗಾರರನ್ನು ಕರೆಸಿ ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡುವುದುಂಟು. ಕೆಲವು ಸಲ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಈಗಿರುವವನಿಗೆ ಒಂದು ಬಿಸಿ ಮುಟ್ಟಿಸಲು ಅಷ್ಟೇ.

ಆ ಸಾಲಿನಲ್ಲಿ ಬೇಕಾದಷ್ಟು ಸಲ ನಿಂತು ಬಂದವನೇ ಡಾಜ್ ಜಾಗಕ್ಕೆ ಬಂದ ಸ್ಟೀವ್ ವೆದರ್‌ಫರ್ಡ್. ಅವನದೂ ಡ್ರಾಫ್ಟ್ ಇಲ್ಲ. 2008 ಒಂದೇ ವರ್ಷದಲ್ಲಿ ಸೇಂಟ್ಸ್, ಚೀಫ್ಸ್, ಜಾಗ್ವಾರ್ಸ್ ಅಂತ ಮೂರು ತಂಡದ ಬಟ್ಟೆ ಹಾಕಿದ್ದ. ಆಮೇಲೆ ಜೆಟ್ಸ್. 2011ರಲ್ಲಿ ಜೈಂಟ್ಸ್. 2012ರ ಫೆಬ್ರುವರಿ 5ರಂದು ಇಂಡಿಯಾನಾಪೊಲಿಸ್‌ನಲ್ಲಿ ಸೂಪರ್ ಬೌಲ್, ಎದುರಾಳಿ ಮತ್ತೆ ಪೇಟ್ರಿಯಟ್ಸ್. ಜೈಂಟ್ಸ್‌ನ ಮೊದಲ ಸರದಿ ಕೈಕೊಟ್ಟಿತು. ವೆದರ್‌ಫರ್ಡ್ ಬಂದ. ಅವನ ಒದೆ ಎದುರಾಳಿಯ ಆರನೇ ಯಾರ್ಡ್ ಗೆರೆಯಲ್ಲಿ ನಿಂತಿತು. ಪೇಟ್ರಿಯಟ್ಸ್ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ತನ್ನದೇ ಎಂಡ್ ಝೋನ್‌ನಲ್ಲಿ ನಿಂತು ಮೊದಲ ಎಸೆತ ಎಸೆಯಬೇಕಾಯಿತು. ಮೈಮೇಲೆ ಜನ ಬಂದರು ಅಂತ ಯಾರೂ ಇಲ್ಲದ ಕಡೆ ಎಸೆದ. ಅದು ದಂಡ, ಎಂಡ್ ಝೋನ್ ಒಳಗಾಗಿದ್ದರಿಂದ ಸೇಫ್ಟಿ. ಜೈಂಟ್ಸ್‌ಗೆ 2 ಅಂಕ, ಮೇಲೆ ಚೆಂಡೂ ವಾಪಸ್. ಆಟ 21–17ರಲ್ಲಿ ಮುಗಿಯಿತು. ಆ 2 ಅಂಕ ಲೆಕ್ಕಪುಸ್ತಕದಲ್ಲಿ ಡಿಫೆನ್ಸ್ ಹೆಸರಿನಲ್ಲಿದೆ. ನ್ಯಾಯವಾಗಿ ನೋಡಿದರೆ ಅರ್ಧವಾದರೂ ಪಂಟರ್‌ದು.

(ಬ್ರಾಕೆಟ್ಟಿನಲ್ಲಿ ಒಂದು ಮಾತು. ಪಂಟರ್ ಒದೆಯುವುದು ಮಾತ್ರ ಅಲ್ಲ, ಫೀಲ್ಡ್ ಗೋಲ್ ಒದೆಯುವವನಿಗೆ (ಕಂಬಗಳ ನಡುವೆ ಒದ್ದು ಅಂಕ ಗಳಿಸುವವನಿಗೆ) ಚೆಂಡು ನಿಲ್ಲಿಸಿ ಕೊಡುವವನೂ ಸಾಮಾನ್ಯವಾಗಿ ಅವನೇ. ಟೆನ್ನೆಸ್ಸಿ ಟೈಟನ್ಸ್‌ನ ರಯನ್ ಸ್ಟೋನ್‌ಹೌಸ್ 2022ರಲ್ಲಿ ತನ್ನ ಮೊದಲ ಸೀಸನ್ನಿನಲ್ಲೇ 53.1 ಯಾರ್ಡ್ ಸರಾಸರಿ ಮಾಡಿ, 1940ರಿಂದ ಸ್ಯಾಮಿ ಬಾ ಹೆಸರಿನಲ್ಲಿದ್ದ 51.4ರ ದಾಖಲೆ ಮುರಿದ. ಮರುವರ್ಷ ಡಿಸೆಂಬರಿನಲ್ಲಿ ಕೋಲ್ಟ್ಸ್ ವಿರುದ್ಧ ಅವನ ಒದೆಗೆ ಅಡ್ಡ ಬಂದವರು ಅವನ ಮಂಡಿಯ ಮೇಲೆ ಬಿದ್ದರು. ಅವನು ಹೊರಗೆ ಹೋದ. ಚೆಂಡು ಹಿಡಿಯಲು ಮೀಸಲು ಕ್ವಾರ್ಟರ್‌ಬ್ಯಾಕ್ ಬಂದ. ಗೆಲುವಿಗೆ ಬೇಕಿದ್ದ ಒಂದು ಅಂಕದ ಸಲೀಸು ಒದೆ ತಪ್ಪಿತು. ಹೆಚ್ಚುವರಿ ಸಮಯದಲ್ಲಿ ಟೈಟನ್ಸ್ ಸೋತಿತು. ಮಾರನೇ ದಿನ ಕೆಲಸ ಕಳೆದುಕೊಂಡದ್ದು ಒದೆಯಾಟ ನೋಡಿಕೊಳ್ಳುವ ಸ್ಪೆಷಲ್ ಟೀಮ್ಸ್ ಕೋಚ್.)

ಕ್ಯಾಂಟನ್‌ನಲ್ಲಿ ಒಬ್ಬನೇ

ಓಹಾಯೋದ ಕ್ಯಾಂಟನ್‌ನಲ್ಲಿ ಈ ಆಟದ ದೊಡ್ಡವರನ್ನು ಗೌರವಿಸುವ ಹಾಲ್ ಆಫ್ ಫೇಮ್ ಇದೆ. ನೂರಾರು ಕಂಚಿನ ತಲೆಗಳು. ಬರೀ ಪಂಟರ್ ಅಂತ ಹೋದವನು ಒಬ್ಬನೇ, ರೇ ಗೈ. 1973ರಲ್ಲಿ ಓಕ್ಲಂಡ್ ರೇಡರ್ಸ್ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿದಾಗ ಜನ ನಕ್ಕಿದ್ದರು. ಅವನು ಒದ್ದ ಚೆಂಡು ಎಷ್ಟು ಹೊತ್ತಾದರೂ ಕೆಳಗೆ ಬರದೆ, ಒಳಗೆ ಹೀಲಿಯಂ ತುಂಬಿದ್ದಾರೆ ಅಂತ ಎದುರಾಳಿಗಳು ಅನುಮಾನ ಪಟ್ಟಿದ್ದೂ ಇದೆ. ಮೂರು ಸೂಪರ್ ಬೌಲ್ ಗೆದ್ದ. 1986ರಲ್ಲಿ ಆಟ ಮುಗಿಸಿದ. ಕ್ಯಾಂಟನ್‌ಗೆ ಹೋಗಿದ್ದು 2014ರಲ್ಲಿ. ನಡುವೆ ಸಾಲ ಮೈಮೇಲೆ ಬಂದು, ಸೂಪರ್ ಬೌಲ್ ಗೆದ್ದಿದ್ದಕ್ಕೆ ಸಿಕ್ಕಿದ್ದ ಮೂರೂ ಉಂಗುರಗಳನ್ನು ಹರಾಜಿಗೆ ಹಾಕಿದ್ದ. 2022ರಲ್ಲಿ ತೀರಿಕೊಂಡ.

ಎರಡನೇ ಪಂಟರ್ ಯಾರಾಗಬೇಕು ಅನ್ನುವ ಮಾತು ಬಂದಾಗ ಲೆಕ್ಲರ್ ಹೆಸರು ಮೊದಲು ಬರುತ್ತದೆ. 47.6 ನೋಡಿದರೆ ತಪ್ಪಿಲ್ಲ. ಆದರೂ ನನ್ನ ಕೈಗೆ ಓಟು ಕೊಟ್ಟರೆ ಫೀಗಲ್ಸ್‌ಗೇ ಹಾಕುತ್ತೇನೆ. ಅವನು ಹೋದ ಮೇಲೆ ಒಂದೇ ಸೀಸನ್ನಿನಲ್ಲಿ ಏನಾಯಿತು ಅನ್ನುವುದನ್ನು ಕಣ್ಣಾರೆ ನೋಡಿದ್ದೇನಲ್ಲ, ಅದಕ್ಕಿಂತ ದೊಡ್ಡ ಅಂಕಿ ನನಗೆ ಬೇಡ.

ಪಕ್ಕದ ಮನೆಯ ಯಜಮಾನರು ಇದನ್ನು ಒಪ್ಪುವುದಿಲ್ಲ. ಅವರ ಓಟು ಡೇವ್ ಜೆನ್ನಿಂಗ್ಸ್‌ಗೆ. 1974ರಿಂದ 84ರವರೆಗೆ ಜೈಂಟ್ಸ್‌ನ ಪಂಟರ್, ಆಮೇಲೆ ರೇಡಿಯೋದಲ್ಲಿ ಕಾಮೆಂಟರಿ ಹೇಳುತ್ತಿದ್ದವರು. ಯಾಕೆ ಅಂತ ಕೇಳಿದರೆ ಲೆಕ್ಕ ಒಪ್ಪಿಸುತ್ತಾರೆ: 1974ರಲ್ಲಿ ಜೈಂಟ್ಸ್ 2 ಗೆದ್ದು 12 ಸೋತಿತ್ತು, 1976ರಲ್ಲಿ 3 ಗೆದ್ದು 11. "ಆಗ ದುಡ್ಡು ಕೊಟ್ಟು ಸ್ಟೇಡಿಯಂಗೆ ಹೋಗ್ತಿದ್ವಿ. ನೋಡೋಕೆ ಇದ್ದವನು ಅವನೊಬ್ಬನೇ. ಅವನೂ ನಮಗೆ ಮೋಸ ಮಾಡ್ಲಿಲ್ಲ, ಹತ್ತು ನಿಮಿಷಕ್ಕೊಂದು ಸಲ ಬರ್ತಿದ್ದ."